ಹೊರಬಾಣವಿಲ್ಲದ ಭಾವ

ನಾನಿರುವುದು ಅಕ್ಕ-ಭಾವನ ಮನೆಯಲ್ಲೇ, ಆದರೂ ನಮ್ಮ ಭಾವನ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೆ ತಲೆ ಕೆಡುತ್ತದೆ. ಸಾಫ್ಟ್‌ವೇರ್ ಬರೆಯುವವರು ಬೇರೆ. ಅದಕ್ಕೂ ಮೊದಲು ಅಂಗಡಿಗೋ ಆಸ್ಪತ್ರೆಗೋ ಹೋಗಿ, ಯಾರಿಂದ ಏನು ಬರುತ್ತದೆ, ಯಾರಿಗೆ ಏನು ಹೋಗುತ್ತದೆ ಎಂದು ಎಲ್ಲರ ಪ್ರಾಣ ಹಿಂಡುವವರು ಇವರು. ಆಮೇಲೆ ಅದನ್ನೆಲ್ಲ ಕಾಗದದ ಮೇಲೆ ಚಿತ್ರ ಬರೆಯುತ್ತಾರೆ, ಒಂದೊಂದು ಕೆಲಸಕ್ಕೆ ಒಂದು ಸೊನ್ನೆ, ಬಂದುಹೋಗುವುದಕ್ಕೆಲ್ಲ ಬಾಣ. ಬಾಣಗಳು ಒಳಗೆ ಮಾತ್ರ ಬಂದು, ಒಂದೂ ಹೊರಗೆ ಹೋಗದ ಸೊನ್ನೆ ಇದ್ದರೆ ಚಿತ್ರವೇ ತಪ್ಪಂತೆ.

ಶನಿವಾರ ನೆಂಟರ ಮುಂದೆ ಭಾವ, ಈ ಮನೆ ನಡೆಯುವುದೇ ತನ್ನಿಂದ ಎಂದು ಬೀಗಿದರು. ಮರುದಿನ ಬೆಳಗ್ಗೆ ಚಹಾ ಬರಲಿಲ್ಲ. ಅಕ್ಕ ಕಾಲು ಚಾಚಿ ಪೇಪರ್ ಓದುತ್ತಿದ್ದಳು, ಪಕ್ಕದಲ್ಲಿ ತುಂಬಿದ ಬ್ಯಾಗು. ಮಧ್ಯಾಹ್ನದ ಬಸ್ಸಿಗೆ ತವರಿಗೆ ಹೊರಟಿದ್ದಳು. ಯಾವಾಗ ವಾಪಸ್ಸು ಎಂದು ನನಗೂ ಹೇಳಲಿಲ್ಲ.

ಬುದ್ಧಿ ಇದ್ದ ಗಂಡಸು ತಪ್ಪಾಯಿತು ಅನ್ನುತ್ತಿದ್ದ. ನಮ್ಮ ಭಾವ ನೆಲಕ್ಕೆ ಡ್ರಾಯಿಂಗ್ ಶೀಟ್ ಹಾಸಿದರು, ತಮ್ಮ ಮಾತನ್ನು ಬರೆದೇ ಸಾಬೀತು ಮಾಡುತ್ತಾರಂತೆ. ಕರ್ಮ! ಮೊದಲು ತಮ್ಮ ಅಮ್ಮನನ್ನೇ ಹಿಡಿದರು. ನಾನೂ ಅವರನ್ನು ಅತ್ತೆ ಅಂತಲೇ ಕರೆಯುವುದು. ಅತ್ತೆಗೆ ಬರುವುದು ಮಂಡಿನೋವು, ಅತ್ತೆಯಿಂದ ಹೋಗುವುದು ಬೈಗುಳ. ಅದಕ್ಕೂ ಒಂದು ಬಾಣ ಬಿತ್ತು, ನೇರ ಭಾವನ ಸೊನ್ನೆಗೆ.

ಒಲೆಯಿಂದ ಊಟ, ಇಸ್ತ್ರಿಯಿಂದ ಅಂಗಿ, ನಾನು ದಿನಾ ಹುಡುಕಿಕೊಡುವ ಕನ್ನಡಕ, ಎಲ್ಲವೂ ಬಂದು ಅದೇ ಸೊನ್ನೆಗೆ ಚುಚ್ಚಿಕೊಂಡವು. ಸಂಬಳ ಎಂದು ಹೊರಗೊಂದು ಬಾಣ ಎಳೆಯಹೋದರು. ಅದು ಆಫೀಸಿನಿಂದ ಸೀದಾ ಸೊಸೆಯ ಖಾತೆಗೆ ಹೋಗುತ್ತದೆ, ನಿನ್ನನ್ನು ಮುಟ್ಟುವುದೇ ಇಲ್ಲ ಎಂದು ಅತ್ತೆ ತಿದ್ದಿದರು. ಭಾವನ ಮುಖ ಇಂಗು ತಿಂದ ಮಂಗನಂತಾಯಿತು.

ಅಕ್ಕ ಪೇಪರ್ ಇಳಿಸಿದಳು. "ಆಫೀಸಲ್ಲಿ ಇಂಥ ಸೊನ್ನೆ ಸಿಕ್ಕಿದ್ರೆ ಏನ್ ಮಾಡ್ತೀರಿ?"

"ಹೊರಗೊಂದು ಬಾಣ ಹಾಕ್ತೀವಿ. ಇಲ್ಲಾಂದ್ರೆ..." ಭಾವ ತಮ್ಮ ಸೊನ್ನೆಯನ್ನೊಮ್ಮೆ ನೋಡಿದರು. "ಅಳಿಸಿಬಿಡ್ತೀವಿ."

ಅಕ್ಕ ರಬ್ಬರ್ ಎತ್ತಿ ಕೊಟ್ಟಳು.

ಭಾವ ಎದ್ದುಬಿದ್ದು ಅಡುಗೆಮನೆಗೆ ಓಡಿದರು. ಸಕ್ಕರೆ ಎಲ್ಲಿದೆ ಎಂದು ಕೂಗಿದರೆ ನಾವ್ಯಾರೂ ಬಾಯಿ ಬಿಡಲಿಲ್ಲ. ಡಬ್ಬಗಳು ಉರುಳಿದವು, ಹಾಲು ಉಕ್ಕಿತು. ಅಂತೂ ಇಂತೂ ನಮ್ಮ ಮೂವರಿಗೂ ಒಂದೊಂದು ಲೋಟ ಚಹಾ ಬಂತು. ತಮಗೆ ಉಳಿಸಿಕೊಳ್ಳುವುದನ್ನು ಪುಣ್ಯಾತ್ಮ ಮರೆತೇಬಿಟ್ಟಿದ್ದರು. ಕೈ ಒರೆಸಿಕೊಂಡು, ಹೊರಬಾಣ ಎಳೆಯಲು ಪೆನ್ಸಿಲ್ ಹುಡುಕುತ್ತಾ ಕೂತರು. ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು.

ಅಕ್ಕ ಬ್ಯಾಗನ್ನು ಕಾಲಿನಿಂದಲೇ ಸೋಫಾದಡಿ ತಳ್ಳಿದಳು. ತನ್ನ ಚಹಾದಲ್ಲಿ ಅರ್ಧ ಬೇರೆ ಲೋಟಕ್ಕೆ ಬಗ್ಗಿಸಿ ಅವರ ಮುಂದಿಟ್ಟಳು.

"ಇದಕ್ಕೆ ಬಾಣ ಬೇಡ. ತಣ್ಣಗಾಗುತ್ತೆ, ಕುಡೀರಿ."