ಅವ್ವ ಓಗೊಟ್ಟ ಕರೆ

ಯಾರಿಗೂ ಕೇಳದ್ದು ತಮಗೆ ಕೇಳಿಸಿತು ಎನ್ನುವವರ ಮಾತನ್ನು ನಾನು ಅರ್ಧಕ್ಕೇ ತಡೆಯುತ್ತಿದ್ದೆ. ನಮ್ಮ ಮನೆಯಲ್ಲಿ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚುತ್ತೇವೆ, ಅಷ್ಟೇ. ದೆವ್ವ, ಶಕುನ, ಮಾಟ ಯಾವುದನ್ನೂ ಅಪ್ಪ ಹೊಸ್ತಿಲು ದಾಟಗೊಡಲಿಲ್ಲ. ಆ ಸ್ವಭಾವ ನನಗೂ ಬಂದಿದೆ. ಇನ್ನೊಂದು ಅಪನಂಬಿಕೆ ಮಾತ್ರ ನನ್ನ ಸ್ವಂತದ್ದು, ಅದು ನೆನಪಿನ ಬಗ್ಗೆ. ಹತ್ತು ಸಲ ಹೇಳಿದ ಘಟನೆಗೆ ತಾನಾಗಿಯೇ ಒಂದು ತಲೆ, ಒಂದು ಬಾಲ ಬಂದುಬಿಡುತ್ತದೆ. ನಡೆಯುವಾಗ ಅದಕ್ಕೆ ಎರಡೂ ಇರುವುದಿಲ್ಲ. ಈ ಘಟನೆಯನ್ನು ನಾನು ಹತ್ತಕ್ಕಿಂತ ಹೆಚ್ಚು ಸಲ ಹೇಳಿದ್ದೇನೆ. ಹಾಗಾಗಿ ಇಲ್ಲಿ ಖಾತ್ರಿ ಇಲ್ಲದ ಕಡೆ ಖಾತ್ರಿ ಇಲ್ಲ ಎಂದೇ ಬರೆಯುತ್ತೇನೆ. ನೀವು ನಂಬಬೇಕೆಂಬ ಒತ್ತಾಯವಿಲ್ಲ.

ಮೊದಲು ಕೋಳಿಗಳ ಸಂಗತಿ ಹೇಳಬೇಕು.

ನಾನು ಬೆಳೆದದ್ದು ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಲ್ಲಿ. ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಕೋಳಿಗಳಿದ್ದವು. ಹಗಲೆಲ್ಲ ಒಂದೇ ತಿಪ್ಪೆ ಕೆದರುವ ಕೋಳಿಗಳು ಸಂಜೆ ತಂತಮ್ಮ ಬುಟ್ಟಿಗೆ ಬರಬೇಕಾದರೆ ಪ್ರತಿ ಮನೆಗೂ ಅದರದೇ ಆದ ಕರೆ ಬೇಕು. ಸೊಸೆಯಾಗಿ ಬಂದವಳು ತವರಿನ ಕರೆಯನ್ನು ಜೊತೆಗೆ ತರುತ್ತಿದ್ದಳು. ಕೆಲವು ದಿನ ಕೋಳಿಗಳು ಗಲಿಬಿಲಿಗೊಂಡು ಪಕ್ಕದ ಮನೆಗೆ ನುಗ್ಗುತ್ತಿದ್ದವು, ಆಮೇಲೆ ಒಗ್ಗಿಕೊಳ್ಳುತ್ತಿದ್ದವು. ಅವ್ವನ ತವರು ಮಹಾರಾಷ್ಟ್ರದ ಗಡಿಗೆ ಅಂಟಿದ ಡಾಬಕಾ. ಅವಳ ಕರೆ ಹೀಗಿತ್ತು: ನಾಲಿಗೆಯಿಂದ ಎರಡು ಸಲ ಟಕ್ ಟಕ್, ಆಮೇಲೆ ಗಂಟಲಿನಿಂದ ಏರುತ್ತ ಹೋಗುವ ಉದ್ದನೆಯ 'ಕುರ್ರ್ರ್ ಊ'. ಅದು ಕೇಳಿದೊಡನೆ ನಾವು ಕಾಕು ಎನ್ನುತ್ತಿದ್ದ ಎದುರು ಮನೆಯ ಹೆಂಗಸು, "ಡಾಬಕಾದ ಬಸ್ ಬಂತು ನೋಡ್ರಿ" ಎಂದು ನಗುತ್ತಿದ್ದಳು.

ಈ ಕರೆಗೆ ಇನ್ನೊಂದು ಉಪಯೋಗವೂ ಇತ್ತು. ಭಾಲ್ಕಿಯ ಸಂತೆಗೆ ಹೋಗುವಾಗ ಓಣಿಯ ತಾಯಂದಿರು ಮಕ್ಕಳಿಗೆ ತಮ್ಮ ತಮ್ಮ ಮನೆಯ ಕೋಳಿ ಕರೆ ಕಲಿಸಿ ಕರೆದೊಯ್ಯುತ್ತಿದ್ದರು. "ಕಳಕೊಂಡ್ರ ಅವ್ವಾ ಅಂತ ಅಳಬ್ಯಾಡ" ಎಂದು ಅವ್ವ ಹೇಳುತ್ತಿದ್ದಳು. "ಅವ್ವಾ ಅಂದ್ರ ಸಂತಿ ಮಂದಿಯೆಲ್ಲಾ ತಿರುಗಿ ನೋಡ್ತಾರ. ಕೋಳಿ ಕರದಂಗ ಕರಿ, ನಾ ಒಬ್ಬಾಕಿನೇ ತಿರುಗತೇನಿ."

ಒಮ್ಮೆ ನಾನು ನಿಜಕ್ಕೂ ಕಳೆದುಹೋದೆ. ಬಳೆ ಅಂಗಡಿಯ ಮುಂದೆ ನಿಂತವಳು ತಿರುಗಿ ನೋಡಿದರೆ ಬರೀ ಸೀರೆಗಳು, ಯಾವುದೂ ಅವ್ವನದಲ್ಲ. ಮುಂದಿನ ಹಲ್ಲು ಬಿದ್ದಿದ್ದರಿಂದ ಟಕ್ ಟಕ್ ಸರಿಯಾಗಿ ಬರಲಿಲ್ಲ, ಆದರೂ ಕರೆದೆ. ಮಂದಿ ನಕ್ಕರು. ಎಲ್ಲಿಂದಲೋ ಅವ್ವನ ದನಿ ಬಂತು: "ಬಂದೆ, ನಿಂತ ಜಾಗ ಬಿಡಬ್ಯಾಡ."

ಅದರ ಮುಂದಿನ ವರ್ಷ, ನಾನು ಮೂರನೇ ತರಗತಿಯಲ್ಲಿದ್ದಾಗ, ಅವ್ವನಿಗೆ ಭಾರಿ ಜ್ವರ ಬಂತು. ಜ್ವರ ಇಳಿದಾಗ ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಮಂದವಾಯಿತು ಎಂದಲ್ಲ, ಪೂರ್ತಿ ಹೋಯಿತು. ಗುಡುಗಿದರೂ ಕಿಟಕಿ ಕಡೆ ನೋಡುತ್ತಿರಲಿಲ್ಲ. ತುಟಿ ನೋಡಿ ಮಾತು ಹಿಡಿಯುವುದನ್ನು ತಾನೇ ಕಲಿತಳು. ಅಪ್ಪ ಹೋದ ಮೇಲೆ ಬೀದರಿಗೆ ನಮ್ಮ ಮನೆಗೆ ಬಂದಳು. ನಮ್ಮದು ಬಾಡಿಗೆಯ ಮೇಲಂತಸ್ತು, ಕೋಳಿಗೆ ಜಾಗವಿಲ್ಲ. ಹೀಗಾಗಿ ನನ್ನ ಮಗಳು ಯಶು ಹುಟ್ಟುವ ಹೊತ್ತಿಗೆ ಆ ಕರೆ ನಮ್ಮ ಮನೆಯಲ್ಲಿ ನಿಂತುಹೋಗಿತ್ತು. ಅವ್ವ ಅವಳಿಗೆ ಕಲಿಸಿರಲಿಲ್ಲ. ನಾನೂ ಕಲಿಸಿರಲಿಲ್ಲ. ಈ ಎರಡು ವಾಕ್ಯಗಳಿಗೆ ಮಾತ್ರ ನಾನು ಆಣೆ ಹಾಕಬಲ್ಲೆ.

ಕೆಲವು ವರ್ಷಗಳ ಹಿಂದಿನ ಮಾತು. ಬೇಸಿಗೆ ರಜೆಯ ಒಂದು ಭಾನುವಾರ. ಯಶು ಆಗಷ್ಟೇ ಒಂದನೇ ತರಗತಿ ಮುಗಿಸಿದ್ದಳು. ನಗರದ ಹೊರಗೆ, ಕೆಂಪು ಕಲ್ಲಿನ ಬಯಲಿನಲ್ಲಿ, ಯಾರೋ ಒಂದು ಪಕ್ಷಿ ಉದ್ಯಾನ ಮಾಡಿದ್ದರು. ಹೊರಗೆ ನೆಲ ಕಾದ ಹಂಚಿನಂತಿದ್ದರೆ, ಒಳಗೆ ಹಸಿರು ಬಲೆಯ ಕೆಳಗೆ ಕೊಡೆಯಷ್ಟು ಅಗಲದ ಎಲೆಗಳು, ಮಳೆ ನಾಡಿನ ಗಿಡಗಳು. ಮೇಲಿನ ಪೈಪುಗಳಿಂದ ಆಗಾಗ ಮಂಜಿನಂತೆ ನೀರು ಉದುರುತ್ತಿತ್ತು. ಗಿಡಗಳ ನಡುವೆ ದೊಡ್ಡ ಪಂಜರಗಳು. ಅವುಗಳಲ್ಲಿ ಕೆಂಪು, ನೀಲಿ, ಹಳದಿ ಬಣ್ಣದ ದೇಶಾಂತರದ ಗಿಳಿಗಳು. ಅವುಗಳ ಕಿರುಚಾಟಕ್ಕೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಅಲ್ಲಿ ಅವ್ವ ಒಬ್ಬಳೇ ಆರಾಮವಾಗಿದ್ದಳು.

ನಾವು ಐದು ಜನ ಹೋಗಿದ್ದೆವು. ನಾನು, ನಮ್ಮವರು, ಅವ್ವ, ಯಶು, ಮತ್ತು ಸಂತಪುರದಿಂದ ಬೆಳಗಿನ ಬಸ್ಸಿಗೆ ಬಂದಿದ್ದ ನಾದಿನಿ ಕವಿತಾ. ನಮ್ಮವರು ಒಂದು ಗಿಳಿಯ ಮುಂದೆ ನಿಂತು ಮಾತಾಡಿಸುತ್ತಿದ್ದರು.

"ಅಣ್ಣಾ, ನಿನಗಿಂತ ಅದೇ ಚಲೋ ಅದ ನೋಡು" ಅಂದಳು ಕವಿತಾ. "ಕರದ್ರ ತಿರುಗಿ ಆದ್ರೂ ನೋಡ್ತದ. ಏನಂತೀರಿ ವೈನಿ?"

ಹಕ್ಕಿಗಳಿಗೆ ಕಾಳು ಹಾಕುತ್ತಿದ್ದ ಖಾಜಾಭಾಯಿಯನ್ನು ಅವ್ವ ಹಿಡಿದು ನಿಲ್ಲಿಸಿದ್ದಳು. ತನ್ನ ದನಿ ತನಗೇ ಕೇಳದ್ದರಿಂದ ಅವಳು ಮಾತಾಡುವುದು ಯಾವಾಗಲೂ ಜೋರು. "ಇಷ್ಟ ದೊಡ್ಡದ ಅದಲ್ಲ, ತತ್ತಿ ಎಷ್ಟ ಇಡ್ತದರಿ ಇದು?"

"ತತ್ತಿಗಿ ಅಲ್ರಿ ಅಮ್ಮಾ, ಇವು ಖಾಲಿ ನೋಡ್ಲಿಕ್ಕ" ಎಂದು ಖಾಜಾಭಾಯಿ ಅವಳಿಗೆ ಕಾಣುವಂತೆ ತುಟಿ ಅಗಲಿಸಿ ಹೇಳಿದ.

"ಬರೇ ನೋಡ್ಲಿಕ್ಕ ಇಷ್ಟೊಂದು ಕಾಳು ಹಾಕ್ತೀರಿ?" ಎಂದು ಅವ್ವ ಅವನನ್ನು ಮರುಕದಿಂದ ನೋಡಿ, ಪಂಜರದ ಎದುರಿನ ಬೆಂಚಿನ ಮೇಲೆ ಕೂತಳು. ರೊಟ್ಟಿಯ ಗಂಟು ಅವಳ ತೊಡೆಯ ಮೇಲಿತ್ತು.

ಯಶು ಮತ್ತು ಕವಿತಾ ಗಿಡಗಳ ನಡುವೆ ಅಡಗಿ ಹುಡುಕುವ ಆಟ ಆಡುತ್ತಿದ್ದರು. ಇಲ್ಲಿಯವರೆಗೆ ನನ್ನ ನೆನಪೂ ಇತರರ ನೆನಪೂ ಒಂದೇ. ಇನ್ನು ಮುಂದೆ ಬೇರೆ ಬೇರೆ.

ಕವಿತಾ ನಗುತ್ತ ಬಂದು "ಯಶು ನಿಮ್ಮ ಹಿಂದ ಅದಾಳೇನ್ರಿ ವೈನಿ?" ಎಂದು ಕೇಳಿದಳು ಎಂಬುದು ನನ್ನ ನೆನಪು. ತಾನು ನಗುತ್ತಿರಲಿಲ್ಲ, ಆಗಲೇ ಅಳುತ್ತಿದ್ದೆ ಎನ್ನುತ್ತಾಳೆ ಕವಿತಾ. ಹತ್ತು ನಿಮಿಷ ಹುಡುಕಿದೆವು ಎನ್ನುತ್ತಾರೆ ನಮ್ಮವರು, ಅರ್ಧ ಗಂಟೆ ಎನ್ನುತ್ತಾಳೆ ಅವರ ತಂಗಿ. ನನಗೆ ಕಾಲದ ಲೆಕ್ಕವೇ ಇಲ್ಲ. ತಾವರೆ ಹೊಂಡದ ಹಸಿರು ನೀರು ನೆನಪಿದೆ. ನಮ್ಮವರು ಪ್ಯಾಂಟು ಮಡಿಸದೆ ಅದರೊಳಗೆ ಇಳಿದು ಕೈಯಿಂದ ತಳ ತಡಕಾಡಿದ್ದು ನೆನಪಿದೆ. ಗೇಟು ಮುಚ್ಚಿಸಿದೆವು. ಖಾಜಾಭಾಯಿ ಹಿಂಭಾಗದ ಕಾಳಿನ ಕೋಣೆಗೂ ಹೋಗಿ ನೋಡಿ ಬಂದು, "ಅಲ್ಲಿ ಯಾರೂ ಇಲ್ರಿ" ಎಂದ. ನಾನು ಬಾಯಿ ಹರಿಯುವಂತೆ "ಯಶೂ" ಎಂದು ಕೂಗುತ್ತಿದ್ದೆ. ನಾನು ಕೂಗಿದ್ದು ಅವಳ ಹೆಸರನ್ನು, ಬೇರೇನನ್ನೂ ಅಲ್ಲ. ಇದನ್ನು ಮೂವರೂ ಒಪ್ಪುತ್ತೇವೆ. ನಾನು ಕೂಗಿದಷ್ಟೂ ಗಿಳಿಗಳು ಇನ್ನೂ ಜೋರಾಗಿ ಕಿರುಚಿದವು.

ಅವ್ವನಿಗೆ ಯಾರೂ ಏನೂ ಹೇಳಿರಲಿಲ್ಲ. ಅವಳ ಎದುರು ನಿಂತು, ತುಟಿ ತೋರಿಸಿ ಹೇಳುವ ವ್ಯವಧಾನ ಯಾರಿಗಿತ್ತು? ಅವಳು ನಮಗೆ ಬೆನ್ನು ಮಾಡಿ, ಪಂಜರದ ಕಡೆ ಮುಖ ಮಾಡಿ ಕೂತಿದ್ದಳು.

ಅವಳು ಎದ್ದಳು. ರೊಟ್ಟಿಯ ಗಂಟು ನೆಲಕ್ಕೆ ಬಿತ್ತು. ತಲೆಯ ಮೇಲಿನ ಸೆರಗು ಸರಿಸಿ, ಒಂದು ಕಿವಿಯನ್ನು ಹಿಂಭಾಗದ ಕಡೆ ತಿರುಗಿಸಿದಳು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ನಾನು ಗಮನಿಸುತ್ತಲೇ ಇರಲಿಲ್ಲ. ಅವ್ವ ಕಿವಿ ತಿರುಗಿಸಿದ್ದನ್ನು ನಾನು ಮೂರನೇ ತರಗತಿಯಿಂದ ಈಚೆಗೆ ಕಂಡಿರಲಿಲ್ಲ.

"ಬಂದೆ" ಎಂದಳು ಅವ್ವ. "ನಿಂತ ಜಾಗ ಬಿಡಬ್ಯಾಡ."

ನಾನು ಓಡಿ ಹೋಗಿ ಅವಳ ಎದುರು ನಿಂತೆ. "ಅವ್ವಾ, ಯಶು ಕಾಣ್ಸವಲ್ಲಳು" ಎಂದೆ. ಅವಳು ನನ್ನ ತುಟಿಯ ಕಡೆ ನೋಡಲೇ ಇಲ್ಲ. ತೋಳು ಹಿಡಿದರೆ ಕೊಡವಿದಳು. "ಬಿಡಬೇ, ಹುಡುಗಿ ಕರೀಲತ್ತದ" ಎಂದು ನನ್ನನ್ನು ದಾಟಿ ಹೋದಳು. ಮೊಣಕಾಲು ನೋವಿನಿಂದ ಮೆಟ್ಟಿಲು ಏರಲಾಗದವಳು, ಒದ್ದೆ ಕಲ್ಲುಗಳ ಮೇಲೆ, ಎಲ್ಲಿಯೂ ತಡವರಿಸದೆ, ಪಂಜರಗಳ ಹಿಂದೆ, ತಗಡಿನ ಮಾಡಿನ ಕಾಳಿನ ಕೋಣೆಗೆ. ನಾವೆಲ್ಲ ಅವಳ ಹಿಂದೆ.

ಕೋಣೆಯಲ್ಲಿ ಯಾರೂ ಇರಲಿಲ್ಲ, ಖಾಜಾಭಾಯಿ ಹೇಳಿದ್ದು ನಿಜ. ಮೂಲೆಯಲ್ಲಿ ಕಾಳು ತುಂಬುವ ದೊಡ್ಡ ತಗಡಿನ ಪೆಟ್ಟಿಗೆ, ಅದರ ಕೊಂಡಿ ಬಿದ್ದಿತ್ತು. ಅವ್ವ ಅದರ ಮೇಲೆ ಅಂಗೈ ಇಟ್ಟು "ತಗೀರಿ" ಎಂದಳು.

"ಅದು ಖಾಲಿ ಅದರಿ ಅಮ್ಮಾ, ಕಾಳು ನಾಳಿ ಬರ್ತದ" ಎನ್ನುತ್ತಲೇ ಖಾಜಾಭಾಯಿ ಕೊಂಡಿ ಎತ್ತಿದ.

ಯಶು ಒಳಗಿದ್ದಳು. ಮೊಣಕಾಲು ಎದೆಗೆ ಮಡಚಿ, ಒಂದು ಮಗ್ಗುಲಾಗಿ. ಕೂದಲು ಬೆವರಿಗೆ ನೆನೆದು ಹಣೆಗೆ ಅಂಟಿತ್ತು. ತುಟಿಗಳ ಬಣ್ಣವನ್ನು ನಾನು ಬರೆಯಲಾರೆ. ಅಡಗಿಕೊಳ್ಳಲು ಇಳಿದಿದ್ದಾಳೆ, ಮುಚ್ಚಳ ಬಿದ್ದಿದೆ, ಕೊಂಡಿ ತಾನಾಗಿಯೇ ಕೂತಿದೆ. ನಮ್ಮವರು ಎತ್ತಿ ನೆಲಕ್ಕೆ ಮಲಗಿಸಿದರೆ ತಲೆ ಒಂದು ಕಡೆ ವಾಲಿತು. ಖಾಜಾಭಾಯಿ ತನ್ನ ಟವೆಲ್ಲಿನಿಂದ ಗಾಳಿ ಬೀಸುತ್ತ "ಯಾ ಅಲ್ಲಾ, ಯಾ ಅಲ್ಲಾ" ಎನ್ನುತ್ತಿದ್ದ. ಕವಿತಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಆಮೇಲೆ ಯಶು ಒಮ್ಮೆ ಉಸಿರೆಳೆದಳು. ಸಣ್ಣಗಲ್ಲ, ನೀರಿನಿಂದ ಮೇಲೆದ್ದವರ ಹಾಗೆ ಎಳೆದಳು.

ಆಸ್ಪತ್ರೆಯಲ್ಲಿ ಸಂಜೆವರೆಗೆ ಇಟ್ಟುಕೊಂಡರು. ಇನ್ನೂ ತುಸು ತಡವಾಗಿದ್ದರೆ ಎಂದು ವೈದ್ಯರು ಶುರು ಮಾಡಿದ ವಾಕ್ಯವನ್ನು ಮುಗಿಸಲಿಲ್ಲ. ಎಚ್ಚರವಾದ ಯಶುವನ್ನು ನಾನು ಕೇಳಿದೆ: ಒಳಗಿಂದ ಏನಂತ ಕೂಗಿದಿ? "ಮಮ್ಮಿ ಮಮ್ಮಿ ಅಂತ ಕೂಗಿದೆ. ಆಮ್ಯಾಲ ನಿದ್ದಿ ಬಂತು" ಎಂದಳು. ಬೇರೆ ಏನಾದರೂ ದನಿ ಮಾಡಿದೆಯಾ? ಇಲ್ಲವೆಂದು ತಲೆ ಆಡಿಸಿದಳು.

ಹೊರಗೆ ಪಡಸಾಲೆಯಲ್ಲಿ ಅವ್ವ ಕೂತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯದ ಲವಲೇಶವೂ ಇರಲಿಲ್ಲ, ಸಿಟ್ಟು ಮಾತ್ರ ಇತ್ತು. ನಾನು ಎದುರು ಕುಕ್ಕರಿಸಿ ಕೇಳಿದೆ: "ಯಶು ಅಲ್ಲಿ ಅದಾಳಂತ ನಿನಗ ಹ್ಯಾಂಗ ಗೊತ್ತಾಯ್ತವ್ವ?"

"ಯಶುಂದು ನನಗೇನ್ ಗೊತ್ತಿತ್ತು?" ಎಂದಳು. "ನೀ ಕರದಿ, ಬಂದೆ."

"ನಾ ಕರದಿಲ್ಲವ್ವ."

"ಸುಳ್ಳ್ಯಾಕ ಹೇಳ್ತಿ. ಕೋಳಿ ಕರದಂಗ ಕರದಿ. ಹಲ್ಲ ಇಲ್ದ ಬಾಯಾಗ ಟಕ್ ಟಕ್ ಸುದ್ದಾ ಆಗವಲ್ದು. ನಿನ್ನ ದನಿ ನನಗ ಗುರ್ತ ಇಲ್ಲೇನ?"

ಪಡಸಾಲೆಯಲ್ಲಿ ಯಾರದೋ ಸ್ಟ್ರೆಚರ್ ಹೋಗುತ್ತಿತ್ತು. ನಾನು ಅಲ್ಲೇ ನೆಲಕ್ಕೆ ಕೂತೆ. ಅಷ್ಟು ವರ್ಷ ಹೊಳೆಯದಿದ್ದ ಒಂದು ಸಂಗತಿ ಆಗ ಹೊಳೆಯಿತು. ಈಗಿನ ನನ್ನ ದನಿಯನ್ನು ಅವ್ವ ಒಮ್ಮೆಯೂ ಕೇಳಿಲ್ಲ. ಅವಳ ಬಳಿ ಇರುವ ನನ್ನ ದನಿ ಒಂದೇ, ಮುಂದಿನ ಹಲ್ಲು ಬಿದ್ದ ಹುಡುಗಿಯದು. ಎದುರಿಗೇ ನಿಂತು ತೋಳು ಹಿಡಿದ ನನ್ನನ್ನು ಕೊಡವಿ, ಅವಳು ನನ್ನನ್ನೇ ಹುಡುಕಿಕೊಂಡು ಹೋಗಿದ್ದಳು. ಅಲ್ಲಿ ಸಿಕ್ಕಿದವಳು ನನ್ನ ಮಗಳು.

ವಿವರಣೆಗಳನ್ನು ನಾನು ಹುಡುಕದೆ ಬಿಟ್ಟಿಲ್ಲ. ಅವ್ವನಿಗೆ ಕಿವಿ ಮರಳಿರಬಹುದೆಂದು ಮತ್ತೆ ಪರೀಕ್ಷೆ ಮಾಡಿಸಿದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದರೆ ಗುಂಡಿ ಒತ್ತಲು ಹೇಳಿದರು. ಗುಂಡಿ ಕೈಯಲ್ಲಿ ಹಿಡಿದು ಅವಳು ಕೊನೆಯವರೆಗೂ ಸುಮ್ಮನೆ ಕೂತಿದ್ದಳು. ವಿಜ್ಞಾನ ಕಲಿಸುವ ಗೆಳತಿಯೊಬ್ಬಳು, ಯಶು ಪೆಟ್ಟಿಗೆ ಬಡಿದಿರಬೇಕು, ಆ ನಡುಕ ನೆಲದಿಂದ ಕಾಲಿಗೆ ಬಂದಿರಬೇಕು ಎಂದಳು. ಆಗಬಹುದು. ಗಿಳಿಗಳು ಕೋಣೆಯ ಕಡೆ ತಿರುಗಿದ್ದನ್ನು ಅವ್ವ ನೋಡಿರಬೇಕು, ಕೋಳಿ ಸಾಕಿದವಳಿಗೆ ಅಷ್ಟು ಸಾಕು ಎಂದರು ನಮ್ಮವರು. ಅದೂ ಆಗಬಹುದು. ಗಿಳಿಗಳು ತಿರುಗಿದ್ದವೇ? ತಿರುಗಿದ್ದವು ಎಂದು ಒಮ್ಮೊಮ್ಮೆ ನನಗೆ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಅದು ಅವರು ಹೇಳಿದ ಮೇಲೆ ಕಾಣತೊಡಗಿದ್ದು. ಇನ್ನೂ ಕೆಟ್ಟದ್ದೆಂದರೆ, ಆ ದಿನ ಗಿಳಿಗಳ ಕಿರುಚಾಟದ ನಡುವೆ ಒಂದು 'ಕುರ್ರ್ರ್ ಊ' ನನಗೂ ಕೇಳಿಸಿತ್ತು, ಅದನ್ನು ಯಾವುದೋ ಹಕ್ಕಿಯದೆಂದು ಬಿಟ್ಟೆ ಎಂದು ಈಚೆಗೆ ಅನ್ನಿಸುತ್ತಿದೆ. ಇದನ್ನು ನೀವು ಲೆಕ್ಕಕ್ಕೆ ಹಿಡಿಯಬೇಡಿ. ನಾನೂ ಹಿಡಿದಿಲ್ಲ.

ಯಶು ಈಗ ದೊಡ್ಡವಳಾಗುತ್ತಿದ್ದಾಳೆ. ಅವಳಿಗೆ ಗಿಳಿಗಳ ನೆನಪಿದೆ, ಪೆಟ್ಟಿಗೆಯದಿಲ್ಲ. ಕೋಳಿ ಕರೆಯನ್ನು ಅವಳಿಗೆ ಕಲಿಸಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಸುಮ್ಮನಾಗಿದ್ದೇನೆ. ಯಾಕೆ ಅಂಜುತ್ತೇನೆ ಎಂಬುದನ್ನೂ ಹೇಳಲಾರೆ.

ಮೊನ್ನೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾಳಿಗೆಯ ಮೇಲೆ ಅವ್ವ ನನಗೆ ಬೆನ್ನು ಮಾಡಿ ಕೂತು ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ನಾನು ಬಾಗಿಲ ಬಳಿ ನಿಂತು ಕರೆದೆ. ಟಕ್ ಟಕ್ ಈಗ ಸರಿಯಾಗಿ ಬಂತು. ಗಂಟಲಿನದು ದಪ್ಪಗೆ, ಯಾರದೋ ದನಿಯ ಹಾಗೆ ಹೊರಟಿತು. ಅವ್ವ ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಅವಳು ಮೆಣಸಿನಕಾಯಿಯ ಬೀಜ ಕೊಡವಿ ಇನ್ನೊಂದನ್ನು ಕೈಗೆತ್ತಿಕೊಂಡಳು.

ಬಂದೆ ಎಂದು ಯಾರೂ ಹೇಳಲಿಲ್ಲ. ಆದರೂ ನಾನು ಬಹಳ ಹೊತ್ತಿನವರೆಗೆ ನಿಂತ ಜಾಗ ಬಿಡಲಿಲ್ಲ.