ಭಾವ ಕೊಯ್ದ ದಾರಗಳು

ಹೋದ ವಾರ ಗಜೇಂದ್ರಗಡದ ಅಂಗಡಿಯೊಂದರಲ್ಲಿ ನೈಲಾನ್ ದಾರದ ಸುರುಳಿ ಬಿಚ್ಚಿ ನೋಡುತ್ತಿದ್ದೆ. ಹೊಸ ನೈಲಾನಿಗೆ ಒಂದು ವಾಸನೆಯಿದೆ, ಸೀಮೆಎಣ್ಣೆಗೂ ಹೊಸ ಚಪ್ಪಲಿಗೂ ನಡುವಿನದು. ಅದು ಮೂಗಿಗೆ ಬಡಿದದ್ದೇ ತಡ, ಎಡಗಾಲಿನ ಹರಡಿಗೆ ಯಾರೋ ಹಗ್ಗ ಬಿಗಿದಂತಾಗಿ ಕಾಲು ಹಿಂದಕ್ಕೆಳೆದುಕೊಂಡೆ. ಮಗ್ಗಕ್ಕೇನ್ರಿ ಇದು ಎಂದು ಅಂಗಡಿಯವನು ಕೇಳಿದ. ನೇಕಾರನನ್ನು ಕಂಡವರಿಗೆ ಬರುವ ಸಹಜ ಊಹೆ. ಅಲ್ಲ, ದೋಣಿಯೊಳಗಿನ ಸಾಮಾನು ಕಟ್ಟಲಿಕ್ಕೆ ಅಂದೆ. ಅವನು ಹೊರಗಿನ ಬಿಸಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಅಳೆದುಕೊಟ್ಟ.

ನೀವೂ ನಗಬಹುದು. ನಲವತ್ತು ದಾಟುವ ತನಕ ನಾನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನೇ ಹೊರತು ನೀರಿನಲ್ಲಿ ಇಳಿಬಿಟ್ಟವನಲ್ಲ. ಈ ಹುಚ್ಚು ಹಿಡಿಸಿದವರು ಅಕ್ಕ ನೀಲವ್ವನ ಗಂಡ, ಶಿರೋಳದ ಫಕೀರಪ್ಪ ಭಾವ. ಪ್ರಾಯದಲ್ಲಿ ಅವರು ಕಾರವಾರದ ಕಡೆ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಾಡಿಸುವ ಕೆಲಸದಲ್ಲಿದ್ದರು. ಹೊಲ ನೋಡಿಕೊಳ್ಳಲು ಊರಿಗೆ ಮರಳುವಾಗ, ಇಬ್ಬರು ಹಿಂದೆ ಮುಂದೆ ಕೂರುವಂಥ ಹಳೆಯ ಪ್ಲಾಸ್ಟಿಕ್ ಕಯಾಕ್ ದೋಣಿಯೊಂದನ್ನು ಟೆಂಪೋ ಮೇಲೆ ಹೇರಿಕೊಂಡು ಬಂದರು. ಊರವರು ಅದಕ್ಕೆ ಹಳದಿ ತೊಟ್ಟಿಲು ಎಂದು ಹೆಸರಿಟ್ಟರು. ಮಲಪ್ರಭೆಯಲ್ಲಿ ನೀರು ತುಂಬಿ ನಿಂತ ದಿನಗಳಲ್ಲಿ ಭಾವ ಅದರಲ್ಲಿ ಕೂತು ಮೀನು ಹಿಡಿಯುತ್ತಿದ್ದರು. ಮಗ್ಗಕ್ಕೆ ರಜೆಯಿದ್ದಾಗ ಹಿಂದಿನ ಸೀಟು ನನ್ನದು.

ಭಾವನ ದೊಡ್ಡ ಚಟವೆಂದರೆ ಕಟ್ಟುವುದು. ಹುಟ್ಟಿಗೊಂದು ದಾರ, ಕೊಕ್ಕೆಗಳ ಡಬ್ಬಿಗೊಂದು, ಇಕ್ಕಳಕ್ಕೊಂದು, ನೀರಿನ ಬಾಟಲಿಗೂ ಒಂದು. ಎಲ್ಲದರ ಇನ್ನೊಂದು ತುದಿ ದೋಣಿಯ ಅಂಚಿನ ಬಳೆಗಳಿಗೆ. ಕೈಜಾರಿ ನೀರಿಗೆ ಬಿದ್ದದ್ದು ದಾರ ಎಳೆದರೆ ಬರಬೇಕು. ಮೊಬೈಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅದನ್ನೂ ಕಟ್ಟುತ್ತಿದ್ದರು. ನನ್ನ ಕನ್ನಡಕದ ಕಡ್ಡಿಗಳಿಗೆ ದಾರ ಹಾಕಿ ಕುತ್ತಿಗೆಗೆ ಇಳಿಬಿಟ್ಟ ದಿನ, ಇನ್ನ ಮೂಗುದಾರ ಒಂದು ಕಡಿಮಿ ಆತು ಎಂದು ಅಕ್ಕ ನಕ್ಕಿದ್ದಳು. ವಾರವಿಡೀ ದಾರ, ರಜೆಯ ದಿನವೂ ದಾರವೇ ಎಂದು ನಾನು ಗೊಣಗುತ್ತಿದ್ದೆ. ಆ ಗೊಣಗಾಟದಲ್ಲಿ ಹುರುಳಿರಲಿಲ್ಲ. ಹುಟ್ಟು ನನ್ನ ಕೈಯಿಂದ ಜಾರಿದ್ದಕ್ಕೆ ಲೆಕ್ಕವಿಲ್ಲ. ಪ್ರತಿ ಸಲವೂ ಅದು ಸಾಕಿದ ನಾಯಿಯಂತೆ ಹಿಂದೆ ಬಂದಿದೆ.

ಇದ್ದುದರಲ್ಲಿ ಭಾವನಿಗೆ ಜೀವವೆಂದರೆ ಅವರ ಗಾಳದ ಕೋಲು. ಅವರಿಗೆ ಈಜು, ದೋಣಿ, ಗಾಳ ಎಲ್ಲ ಕಲಿಸಿದ ಕಾರವಾರದ ಗೆಳೆಯ ಸಾಯುವ ಮೊದಲು ಕೈಗಿಟ್ಟದ್ದು. ಅದಕ್ಕೆ ಮಾತ್ರ ಎರಡು ದಾರ.

ಒಂದು ಮಧ್ಯಾಹ್ನ ಕಲ್ಲಿನ ಲಂಗರು ಇಳಿಸಿ ನಡುನೀರಿನಲ್ಲಿ ನಿಂತಿದ್ದೆವು. ನನ್ನ ಗಾಳಕ್ಕೆ ದೊಡ್ಡ ಕಟ್ಲಾ ಮೀನು ಬಿತ್ತು. ಅದೇ ಹೊತ್ತಿಗೆ ಎರೆಹೊಲಗಳ ಕಡೆಯಿಂದ ಗಾಳಿ ಎದ್ದು ದೋಣಿಯನ್ನು ಅಡ್ಡ ತಿರುಗಿಸಿತು. ಇಬ್ಬರೂ ಒಂದೇ ಬದಿಗೆ ವಾಲಿದೆವು. ಹಳದಿ ತೊಟ್ಟಿಲು ಮಗುಚಿತು.

ತೇಲುವ ಜಾಕೀಟು ತೊಟ್ಟಿದ್ದೆನಾದ್ದರಿಂದ ಮೇಲೆ ಬಂದೆ. ಬಂದವನನ್ನು ಏನೋ ಎಡಗಾಲು ಹಿಡಿದು ಕೆಳಗೆ ಜಗ್ಗಿತು. ಲಂಗರಿನ ಹಗ್ಗ ಉಳಿದ ದಾರಗಳ ಜೊತೆ ಹೆಣೆದುಕೊಂಡು ಕಾಲಿಗೆ ಸುತ್ತಿತ್ತು. ಗಾಳಿ ದೋಣಿಯನ್ನು ಒಂದು ಕಡೆ ಎಳೆದರೆ ಕಲ್ಲು ನನ್ನನ್ನು ಇನ್ನೊಂದು ಕಡೆ ಎಳೆಯುತ್ತಿತ್ತು. ಪ್ರತಿ ಅಲೆಗೂ ಮೂಗು ಬಾಯಿ ನೀರೊಳಗೆ. ಸಿಕ್ಕು ಬಿಡಿಸುವುದು ನನ್ನ ಕಸುಬು. ಸೀರೆಯ ಹಾಸಿನ ಉದ್ದೆಳೆಗಳು ಎಷ್ಟೇ ಸಿಕ್ಕಾದರೂ ತಾಳ್ಮೆಯಿಂದ ಬಿಡಿಸಿದ ಈ ಬೆರಳುಗಳು ಆವತ್ತು ಒಂದು ಗಂಟನ್ನೂ ಹುಡುಕಲಾರದೆ ಹೋದವು.

ಭಾವ ಈಜಿ ಬಂದು ಎಡಗೈಯಲ್ಲಿ ನನ್ನ ಜಾಕೀಟಿನ ಕೊರಳಪಟ್ಟಿ ಹಿಡಿದೆತ್ತಿದರು. ಬಲಗೈಯಲ್ಲಿ ಎದೆಯ ಮೇಲಿನ ಒರೆಯಿಂದ ಸಣ್ಣ ಚಾಕು ತೆಗೆದರು. ಯಾವ ದಾರ ಯಾವುದರದೆಂದು ನೋಡುವಷ್ಟು ಹೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಕೊಯ್ದರು. ಡಬ್ಬಿ ಹೋಯಿತು, ಮೊಬೈಲು ಹೋಯಿತು. ಕೋಲಿನ ಎರಡು ದಾರಗಳು ಒಂದರ ಹಿಂದೊಂದು ಹರಿದದ್ದನ್ನು ನಾನು ಕಂಡೆ. ಅವರೂ ಕಂಡರು, ಕೈ ನಿಲ್ಲಿಸಲಿಲ್ಲ. ಕೊನೆಗೆ ಲಂಗರಿನ ಹಗ್ಗ ಸಿಕ್ಕಿತು. ಕಾಲು ಹಗುರಾಯಿತು.

ಮಗುಚಿದ ದೋಣಿಯ ಬೆನ್ನು ಹಿಡಿದು, ಕಾಲು ಬಡಿಯುತ್ತ ದಂಡೆ ಸೇರಿದೆವು. ಕೆಸರಿನಲ್ಲೇ ಕೂತು ಭಾವ ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದರು. ಹಗ್ಗ ಕೂತ ಜಾಗ ನೀಲಿಗಟ್ಟಿತ್ತು. ನಾನು ತಡೆಯಲಾರದೆ ಕೋಲಿನ ಮಾತೆತ್ತಿದೆ.

"ಹೋಗ್ಲಿ ಬಿಡು," ಅಂದರು. "ಎಲ್ಲಾ ಕಟ್ಟಿದ್ದೆ, ನಿನ್ನೊಬ್ಬನ್ನ ಕಟ್ಟಿರಲಿಲ್ಲ. ಅದಕ್ಕ ಕೈಲೆ ಹಿಡೀಬೇಕಾತು."

ಆಮೇಲೆ ಅವರು ಆ ಕೋಲಿನ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ. ಮನೆಯಲ್ಲಿ ಅಕ್ಕನಿಗೆ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದರು. ಅವಳು ಬೈಯಲಿಲ್ಲ, ಅಳಲಿಲ್ಲ. ಒಲೆಯ ಮುಂದೆ ಕೂರಿಸಿ ಇಬ್ಬರಿಗೂ ಬಿಸಿ ರೊಟ್ಟಿ ಹಾಕಿದಳು. ಗಂಡನ ತಾಟಿಗೆ ಬೆಣ್ಣೆ ತುಸು ಹೆಚ್ಚೇ ಬಿತ್ತು. ಮರುವಾರ ಭಾವ ದಾರಗಳನ್ನೆಲ್ಲ ಗಿಡ್ಡ ಮಾಡಿದರು, ಲಂಗರಿಗೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿದರು, ನನ್ನ ಎದೆಗೂ ಒಂದು ಚಾಕು ತೊಡಿಸಿದರು. ಮತ್ತೆ ದೋಣಿ ಹತ್ತಲು ನಾನು ಹಿಂಜರಿದಾಗ ಒತ್ತಾಯ ಮಾಡಲಿಲ್ಲ. ನಾನಾಗಿಯೇ ಹತ್ತುವ ತನಕ ಎಷ್ಟೋ ದಿನ ನನ್ನ ಜೊತೆ ದಂಡೆಯ ಮೇಲೆ ಸುಮ್ಮನೆ ಕೂತರು.

ಈಗ ಅವರ ಮೊಣಕಾಲು ಮಡಚಿ ಕೂರಲು ಒಪ್ಪುವುದಿಲ್ಲ. ಹೋದ ವಾರ ದಾರ ಕೊಂಡದ್ದು ಅಕ್ಕನಿಗಾಗಿ. ಇಷ್ಟು ವರ್ಷ ನೀರಿಗಿಳಿಯದ ಅವಳು, ನನ್ನೂ ಒಮ್ಮಿ ಕರಕೊಂಡು ಹೋಗೋ ಎಂದು ತಾನಾಗಿಯೇ ಕೇಳಿದ್ದಳು. ನಿನ್ನೆ ಭಾನುವಾರ ಅವಳನ್ನು ಮುಂದೆ ಕೂರಿಸಿ ಹುಟ್ಟು ಹಾಕಿದೆ. ಭಾವ ದಂಡೆಯಲ್ಲೇ ನಿಂತರು. ನಡುನೀರಿಗೆ ಬಂದಾಗ ಅಕ್ಕ ಹಿಂದಿರುಗಿ ನೋಡಿ, "ನಿಮ್ಮ ಭಾವ ಇಲ್ಲಿಂದ ಎಷ್ಟ್ ಸಣ್ಣ ಕಾಣ್ತಾರ ನೋಡು," ಎಂದಳು.

ನೋಡಿದೆ. ನನಗೆ ಹಾಗೆ ಕಾಣಲಿಲ್ಲ. ದೋಣಿಯನ್ನು ಮೆಲ್ಲಗೆ ಅವರ ಕಡೆ ತಿರುಗಿಸಿದೆ.