ಉಪವಾಸ ಬಿದ್ದ ಮೈಕ್

ಮೊನ್ನೆ ಚಿಕ್ಕೋಡಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕಾದ ಸಾಲ್ಡರಿಂಗ್ ತುದಿಗೆ ರಾಳ ತಾಗಿ ಹೊಗೆ ಎದ್ದಿತು. ಆ ವಾಸನೆ… ನಿಪ್ಪಾಣಿಯ ನಮ್ಮ ಊಟದ ಟೇಬಲ್ಲು, ಅದರ ಮುಂದೆ ಕುಳಿತ ಎದುರುಮನೆ ವೈನಿ, ಎರಡೂ ಒಟ್ಟಿಗೇ ಕಣ್ಣಿಗೆ ಬಂದವು.

ಮೊಬೈಲು ಇನ್ನೂ ಮನೆಮನೆಗೆ ಬರದ ವರ್ಷಗಳು. ಗಂಟಲಿನ ಆಪರೇಶನ್ ಆಗಿ ನಮ್ಮವರ ದನಿ ಪಿಸುಮಾತಿಗೆ ಇಳಿದಿತ್ತು. ಫ್ಯಾನ್ ತಿರುಗಿದರೆ ಅದೂ ಕೇಳದು. ಕ್ಲಾಸಿನಲ್ಲಿ ಗುಡುಗಿದ ಮನುಷ್ಯ, ಈಗ ಪಾಟಿಯ ಮೇಲೆ ‘ಉಪ್ಪು’ ಎಂದು ಬರೆದು ತೋರಿಸುತ್ತಿದ್ದರು. ತುಂಬು ದನಿಯಲ್ಲಿ ಅವರು ನನ್ನನ್ನು ಕರೆದು ಆರು ತಿಂಗಳಾಗಿತ್ತು. ಅದೊಂದು ಬೇಕಿತ್ತು ನನಗೆ. ರಿಟೈರ್ ಆದ ಸೈನ್ಸ್ ಮಾಸ್ತರಲ್ಲವೇ, ಊಟದ ಟೇಬಲ್ಲಿನ ಮೇಲೆ ತಾವೇ ಮೈಕಿಗೊಂದು ಆಂಪ್ಲಿಫೈಯರ್ ಕಟ್ಟಲು ಕುಳಿತರು. ಕಣ್ಣು ಮಂಜು, ಹಾಗಾಗಿ ರೆಸಿಸ್ಟರ್‌ಗಳ ಮೇಲೆ ಕರೆಂಟಿನ ತಡೆ ಎಷ್ಟೆಂದು ಸೂಚಿಸುವ ಬಣ್ಣದ ಪಟ್ಟಿ ಓದಿ ಹೇಳುವ ಕೆಲಸ ನನ್ನದು. ಬ್ರೌನ್, ಬ್ಲ್ಯಾಕ್, ಆರೆಂಜ್… ಕಾನ್ವೆಂಟಿನ ಸಿಸ್ಟರ್ ಮುಂದೆ ಪೊಯೆಮ್ ಒಪ್ಪಿಸುವ ಠೀವಿಯಲ್ಲಿ ಓದಿದೆ.

ಕಟ್ಟಿದ್ದಾಯಿತು. ದನಿ ಮಾತ್ರ ಡಬ್ಬಿಯೊಳಗೆ ಸಿಕ್ಕ ನೊಣದ ಹಾಗೆ. ಬ್ಯಾಟರಿ ಬದಲಿಸಿದರು, ಸ್ಪೀಕರ್ ಬದಲಿಸಿದರು. ಮೂರನೆಯ ದಿನ ಪಾಟಿಯ ಮೇಲೆ ಬರೆದರು: ವೈನಿಯನ್ನು ಕರಿ.

ವೈನಿ ಎಂದರೆ ಅತ್ತಿಗೆ, ಓಣಿಗೆಲ್ಲ ಅವಳು ವೈನಿಯೇ. ಬೀಡಿ ಕಟ್ಟುವವಳು. ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಮರಾಠಿ ಶಾಲೆಯಲ್ಲಿ. ರೇಡಿಯೋ ರಿಪೇರಿ ಮಾಡುವ ಅಪ್ಪನ ಬೆಂಚಿನ ಪಕ್ಕ ಬೆಳೆದವಳಂತೆ. ದನಿ ಇದ್ದ ಕಾಲದಲ್ಲಿ ನಮ್ಮವರು ಅವಳೊಡನೆ ವೈರು, ವೋಲ್ಟೇಜು ಎಂದು ಗಂಟೆಗಟ್ಟಲೆ ಹರಟುತ್ತಿದ್ದರು. ನನ್ನ ಹತ್ತಿರ ಹಾಗೆ ಹರಟಿದ್ದೇ ಇಲ್ಲ. ಜೆಲಸಿ ಎನ್ನಲು ನಾಚಿಕೆ. ತಲೆನೋವು ಎಂದು ಹೇಳಿ ಒಳಗೆ ಮಲಗುತ್ತಿದ್ದೆ.

ಬಂದವಳೇ ಬೆರಳು ಒದ್ದೆ ಮಾಡಿಕೊಂಡು ಮೈಕಿನಿಂದ ಆಂಪ್ಲಿಫೈಯರಿನ ಪೆಟ್ಟಿಗೆಗೆ ಹೋಗುವ ತಂತಿ ಮುಟ್ಟಿದಳು. ಸ್ಪೀಕರ್ ಗುಂಯ್ ಎಂದಿತು.

“ಪೆಟಗಿ ಗಟ್ಟಿ ಐತ್ರಿ ಮಾಸ್ತರ. ಮೈಕ್ ಉಪಾಸ ಬಿದ್ದೈತಿ,” ಎಂದಳು.

ಮೈಕಿಗೆ ಕರೆಂಟು ಒಯ್ಯುವ ರೆಸಿಸ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಮ್ಮವರು ನನ್ನತ್ತ ಕೈ ತೋರಿ, ಬಣ್ಣವೆಲ್ಲ ಓದಿದ್ದು ಇವಳೇ, ತಪ್ಪಿರಲಿಕ್ಕಿಲ್ಲ ಎಂದು ಪಿಸುಗುಟ್ಟಿದರು. ನಾನೂ ಬಾಗಿ ನೋಡಿದೆ. ಮೂರನೆಯ ಪಟ್ಟಿ ಆರೆಂಜ್ ಅಲ್ಲ, ಹಳದಿ. ಇರಬೇಕಾದ್ದಕ್ಕಿಂತ ಹತ್ತು ಪಟ್ಟು ತಡೆ. ಮೈಕಿಗೆ ಕೂಳೇ ಮುಟ್ಟಿರಲಿಲ್ಲ.

ವೈನಿ ನನ್ನನ್ನೊಮ್ಮೆ ನೋಡಿದಳು. ಬೀಡಿ ಎಲೆಯ ಕತ್ತರಿಯಿಂದ ಅದನ್ನು ಕತ್ತರಿಸಿ, ಸೆರಗಿಗೆ ಗಂಟು ಹಾಕಿಕೊಂಡು, ಡಬ್ಬಿಯಿಂದ ಬೇರೊಂದನ್ನು ಆರಿಸಿ ಬೆಸೆದಳು.

“ರೆಸಿಸ್ಟರಿಂದ ಒಂದ ಕಾಲ ಸಡಲ ಆಗಿತ್ರಿ. ಅಕ್ಕಾರ ಓದಿದ್ದ ಬರೋಬರ್ ಐತಿ.”

ನಮ್ಮವರು ಮೈಕನ್ನು ಬಾಯಿಗೆ ಹಿಡಿದರು. ಆರು ತಿಂಗಳ ಮೇಲೆ ಮನೆ ತುಂಬಿದ ಮೊದಲ ಮಾತು: “ಚಹಾ ಕುಡದ ಹೋಗ್ರಿ, ವೈನಿ.”

ಚಹಾ ಮಾಡಿದ್ದು ನಾನೇ. ಬೇಕೆಂದೇ ಸಕ್ಕರೆ ಹಾಕಲಿಲ್ಲ. ಅವಳು ಒಂದು ಗುಟುಕೂ ಬಿಡದೆ ಕುಡಿದಳು.

ಆಮೇಲೆ ನನ್ನನ್ನೂ ಕರೆದರು. ಎರಡು ವರ್ಷ, ದಿನಕ್ಕೆ ಹತ್ತು ಸಲ. ಆದರೂ ಪ್ರತಿ ಸಲ ನಾನು ಎರಡನೆಯವಳೇ… ತಪ್ಪು ನನ್ನದೆಂದು ಹೇಳದೆಯೇ ಅವರನ್ನು ಮಣ್ಣಿಗೆ ಕಳಿಸಿದೆ. ವೈನಿಯೂ ಎಲ್ಲೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆ ಉಪಕಾರವನ್ನು ಮಾತ್ರ ಸಹಿಸಲಾಗಲಿಲ್ಲ. ಅವಳು ನಿಪ್ಪಾಣಿ ಬಿಟ್ಟು ಭೋಜ ಎಂಬ ಹಳ್ಳಿಯಲ್ಲಿದ್ದ ಮಗಳ ಮನೆಗೆ ಹೊರಟ ದಿನ ನಾನು ಬಾಗಿಲಿಗೂ ಬರಲಿಲ್ಲ.

ಮೊನ್ನೆ ಅಂಗಡಿಯ ಮೆಟ್ಟಿಲಲ್ಲೇ ನಿಂತು, ಹಳೆಯ ನೆರೆಯವರಿಂದ ನಂಬರು ಪಡೆದು, ಆ ಮಗಳಿಗೆ ಫೋನ್ ಮಾಡಿದೆ. ವೈನಿಗೆ ಕೊಡು ಎಂದೆ.

“ಅವ್ವ ಹೋಗಿ ವರ್ಷ ಆತ್ರಿ,” ಎಂದಳು.

ನನ್ನ ತಪ್ಪನ್ನು ಬಲ್ಲವಳು ಈಗ ನಾನೊಬ್ಬಳೇ. ಇಷ್ಟು ವರ್ಷ ಬಯಸಿದ್ದೂ ಅದನ್ನೇ…